ನಷ್ಟದಲ್ಲಿ ಮುಚ್ಚಿದ ಸಂಘ, ಜಗತ್ತು ಗೆದ್ದ ಬಣ್ಣ

ವಾರ್ಷಿಕೋತ್ಸವದ ಅಂಗವಾಗಿ ಮಕ್ಕಳ ಚಿತ್ರಕಲಾ ಸ್ಪರ್ಧೆ ಏರ್ಪಡಿಸುವುದು ನಮ್ಮ ಸಂಘದಲ್ಲಿ ಬಹಳ ವರ್ಷಗಳ ರೂಢಿ. ಒಂದು ವರ್ಷ ತೀರ್ಪು ಕೊಡಬೇಕಿದ್ದ ಡ್ರಾಯಿಂಗ್ ಮಾಸ್ತರರಿಗೆ ಲೋಕಲ್ ರೈಲು ನಿಂತುಹೋದ ಕಾರಣ ಬರಲಾಗಲಿಲ್ಲ. ಸಂಜೆ ಅತಿಥಿಗಳ ಕೈಯಿಂದ ಬಹುಮಾನ ವಿತರಣೆ ಆಗಲೇಬೇಕು. ಕೊನೆಗೆ ಪದಾಧಿಕಾರಿಗಳಲ್ಲೇ ಮೂವರು ಕೂತು ತೀರ್ಪು ಕೊಡುವುದೆಂದಾಯಿತು. ಗೌರವ ಕೋಶಾಧಿಕಾರಿಯಾದ ನಾನೂ ಅವರಲ್ಲೊಬ್ಬ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆ ನೋಡುವವನು, ಕಣ್ಣು ಚುರುಕಾಗಿದೆ ಎಂಬುದೊಂದೇ ನನಗಿದ್ದ ಅರ್ಹತೆ!

ವಿಷಯ, 'ನಾನು ಕಂಡ ಸಂಜೆ'. ಹೆಚ್ಚಿನ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ತೆಂಗಿನ ಮರ, ಹಾರುವ ಹಕ್ಕಿ ಬರೆದಿದ್ದರು. ಆರನೇ ತರಗತಿಯ ಒಬ್ಬ ಹುಡುಗಿ ಮಾತ್ರ ತನ್ನ ಚಾಳಿನ ಗ್ಯಾಲರಿಯನ್ನು ಬರೆದಿದ್ದಳು. ಒಣಗಲು ಹಾಕಿದ ಬಟ್ಟೆ, ಕಟಕಟೆಯ ಮೇಲೆ ಬಿಸಿಲು, ನೆಲದ ಮೇಲೆ ಅದರ ನೆರಳು. ಎಲ್ಲೂ ಗೆರೆ ಇರಲಿಲ್ಲ, ಬರೀ ಬಣ್ಣದ ತುಂಡುಗಳು. ನೆರಳಿನ ಬಣ್ಣ ನೇರಳೆ.

"ನೆರಳು ಕಪ್ಪಲ್ಲವಾ ಮಗಾ? ಚಿತ್ರ ಮುಗಿಸಿಯೂ ಇಲ್ಲ ನೀನು" ಎಂದೆ.

"ಅದು ಹಾಗೇ ಇತ್ತು ಅಂಕಲ್" ಎಂದಳು.

ಮೊದಲ ಸುತ್ತಿನಲ್ಲೇ ಆ ಹಾಳೆಯನ್ನು ಬದಿಗಿಟ್ಟೆವು. ಗುಡ್ಡದ ನಡುವಿನ ಸೂರ್ಯನಿಗೆ ಪ್ರಥಮ ಬಹುಮಾನ ಹೋಯಿತು. ಹುಡುಗಿ ಚಿತ್ರವನ್ನು ಸುರುಳಿ ಸುತ್ತಿಕೊಂಡು ತಾಯಿಯ ಜತೆ ಊಟಕ್ಕೂ ನಿಲ್ಲದೆ ಹೊರಟುಹೋದಳು. ಮರುವರ್ಷ ಸ್ಪರ್ಧೆಗೆ ಬರಲಿಲ್ಲ.

ಈ ಘಟನೆಯನ್ನು ನಾನು ಮರೆತೇ ಬಿಟ್ಟಿದ್ದೆ. 2024ರಲ್ಲಿ ಇಂಪ್ರೆಷನಿಸಂ ಎಂಬ ಚಿತ್ರಕಲಾ ಚಳವಳಿಗೆ ನೂರೈವತ್ತು ವರ್ಷ ತುಂಬಿತೆಂದು ಪ್ಯಾರಿಸ್ಸಿನ ಒರ್ಸೇ ವಸ್ತುಸಂಗ್ರಹಾಲಯದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅದರ ಬಗ್ಗೆ ಪತ್ರಿಕೆಯಲ್ಲಿ ಓದಿದವನು ಕುತೂಹಲದಿಂದ ಇನ್ನಷ್ಟು ಓದುತ್ತ ಹೋದೆ. ಓದಿದಂತೆಲ್ಲ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ನೆರಳಿಗೆ ನೇರಳೆ ಬಣ್ಣ ಹಾಕಿದ್ದಕ್ಕೆ ಆ ಕಲಾವಿದರೂ ಹೀಗೇ ಬೈಸಿಕೊಂಡಿದ್ದರು. ಎರಡು, ಆ ಚಳವಳಿ ಹುಟ್ಟಿದ್ದು ವಂತಿಗೆ ಎತ್ತಿ, ನಿಯಮಾವಳಿ ಬರೆದು, ಲೆಕ್ಕಪತ್ರ ಇಟ್ಟು ನಡೆಸಿದ ಒಂದು ಸಂಘದಿಂದ! ಸಂಘ ಕಟ್ಟಿ ಗೊತ್ತಿರುವ ನಮಗೆ ಈ ಕತೆ ಬಹಳ ಹತ್ತಿರದ್ದು.

ತೀರ್ಪುಗಾರರ ಆಳ್ವಿಕೆ

ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ಕಲಾವಿದನಾಗಿ ಬದುಕಬೇಕಾದರೆ ಒಂದೇ ಬಾಗಿಲು. ಅದರ ಹೆಸರು ಸಲೋನ್. ಸರಕಾರದ ಆಶ್ರಯದಲ್ಲಿ ನಡೆಯುತ್ತಿದ್ದ ಈ ಬೃಹತ್ ಪ್ರದರ್ಶನದಲ್ಲಿ ಚಿತ್ರ ತೂಗಿದರೆ ಗಿರಾಕಿ, ಪದಕ, ಹೆಸರು ಎಲ್ಲವೂ ಸಿಗುತ್ತಿತ್ತು. ತೂಗದಿದ್ದರೆ ಕಲಾವಿದನೇ ಇಲ್ಲವೆಂದು ಲೆಕ್ಕ. ಯಾವುದನ್ನು ತೂಗಬೇಕು, ಯಾವುದನ್ನು ಹಿಂದೆ ಕಳಿಸಬೇಕು ಎಂಬುದು ತೀರ್ಪುಗಾರರ ಮಂಡಳಿಯ ಕೈಯಲ್ಲಿ. ಪುರಾಣ, ಇತಿಹಾಸದ ದೃಶ್ಯವಾದರೆ ಉತ್ತಮ. ಕುಂಚದ ಗುರುತು ಕಾಣದ ಹಾಗೆ ಮೇಲ್ಮೈ ನುಣುಪಾಗಿರಬೇಕು. ಕಂದು, ಕಪ್ಪು ಬಣ್ಣದ ಗಾಂಭೀರ್ಯ ಇರಬೇಕು. ಬಯಲಲ್ಲಿ ಕೂತು ಬರೆದದ್ದು ಬರೀ ತಯಾರಿ, ಚಿತ್ರವಲ್ಲ.

1863ರಲ್ಲಿ ಮಂಡಳಿ ಸಾವಿರಾರು ಕೃತಿಗಳನ್ನು ತಿರಸ್ಕರಿಸಿತು. ಕೂಗು ಎಷ್ಟು ಜೋರಾಯಿತೆಂದರೆ, ಚಕ್ರವರ್ತಿ ಮೂರನೇ ನೆಪೋಲಿಯನ್ ತಿರಸ್ಕೃತ ಚಿತ್ರಗಳಿಗೇ ಬೇರೊಂದು ಪ್ರದರ್ಶನ ಮಾಡಿಸಿದ. ನೋಡಲು ಜನ ಮುಗಿಬಿದ್ದರು, ಬಹುಪಾಲು ನಗಲಿಕ್ಕೆ. ಹುಲ್ಲುಗಾವಲಲ್ಲಿ ಉಡುಪು ತೊಟ್ಟ ಇಬ್ಬರು ಗಂಡಸರ ನಡುವೆ ಬೆತ್ತಲೆ ಕೂತ ಹೆಣ್ಣನ್ನು ಬರೆದ ಎದ್ವಾರ್ ಮಾನೆಯ ಚಿತ್ರ ಅಲ್ಲಿ ಎಲ್ಲರ ಬಾಯಿಗೂ ಬಿತ್ತು. ಆದರೆ ಅದೇ ಚಿತ್ರದ ಮುಂದೆ ನಿಂತ ಕೆಲವು ಎಳೆಯರಿಗೆ, ಹೀಗೂ ಬರೆಯಬಹುದಲ್ಲ ಎಂಬ ಧೈರ್ಯ ಬಂತು.

ಆ ಎಳೆಯರು ಯಾರು? ಸಮುದ್ರದಂಡೆಯ ಊರಾದ ಲ ಹಾವ್ರದಲ್ಲಿ ಬೆಳೆದ ಕ್ಲೋದ್ ಮೋನೆ, ದರ್ಜಿಯ ಮಗ ರೆನ್ವಾ, ಪ್ಯಾರಿಸ್ಸಿನಲ್ಲೇ ಹುಟ್ಟಿದ ಇಂಗ್ಲಿಷ್ ಮನೆತನದ ಆಲ್ಫ್ರೆಡ್ ಸಿಸ್ಲಿ, ವೈದ್ಯಕೀಯ ಓದಲು ಬಂದು ಚಿತ್ರಕ್ಕೆ ತಿರುಗಿದ ಫ್ರೆಡೆರಿಕ್ ಬಾಜಿಲ್. ಇವರಿಗೆಲ್ಲ ಅಣ್ಣನಂತೆ ಇದ್ದವನು ಕೆರಿಬಿಯನ್ ದ್ವೀಪವೊಂದರಿಂದ ಬಂದ ಕಾಮಿಲ್ ಪಿಸ್ಸಾರೋ. ಪ್ಯಾರಿಸ್ಸಿಗೆ ಅವನೂ ವಲಸೆಗಾರ.

ಬಾಜಿಲ್ ಸ್ಥಿತಿವಂತ, ಮೋನೆಯ ಕೈ ಖಾಲಿ. ಸಲೋನ್ ತಿರಸ್ಕರಿಸಿದ ಮೋನೆಯ ದೊಡ್ಡ ಚಿತ್ರವೊಂದನ್ನು ಬಾಜಿಲ್ 2500 ಫ್ರಾಂಕಿಗೆ ಕೊಂಡ. ಪಾವತಿ ಹೇಗೆ? ತಿಂಗಳಿಗೆ 50 ಫ್ರಾಂಕಿನ ಕಂತಿನಲ್ಲಿ! ಗೆಳೆಯನ ಮನೆಗೆ ತಿಂಗಳು ತಿಂಗಳು ಅಕ್ಕಿಬೇಳೆ ನಡೆಯಲೆಂದು ಹುಡುಕಿದ ಉಪಾಯ ಅದು. 1867ರಲ್ಲೇ ಈ ಗೆಳೆಯರು, ನಾವೇ ಹಣ ಹಾಕಿ ನಮ್ಮದೇ ಪ್ರದರ್ಶನ ಮಾಡೋಣವೆಂದು ಯೋಚಿಸಿದ್ದರು. ದುಡ್ಡು ಸಾಲಲಿಲ್ಲ. 1870ರಲ್ಲಿ ಪ್ರಷ್ಯದ ಜತೆ ಯುದ್ಧ ಬಂತು. ಸೈನ್ಯ ಸೇರಿದ ಬಾಜಿಲ್ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ರಣರಂಗದಲ್ಲಿ ಮಡಿದ. ಪಿಸ್ಸಾರೋ ಲಂಡನ್ನಿಗೆ ಹೋಗಿ ತಲೆ ಉಳಿಸಿಕೊಂಡ. ಮರಳಿ ಬಂದಾಗ ಅವನ ಮನೆಯಲ್ಲಿ ತಂಗಿದ್ದ ಸೈನಿಕರು ಇಪ್ಪತ್ತು ವರ್ಷದ ದುಡಿಮೆಯ ಕ್ಯಾನ್ವಾಸುಗಳನ್ನು ಕೆಸರಿಗೆ ಹಾಸಿ ತುಳಿದಿದ್ದರು. ಉಳಿದದ್ದು ಬೆರಳೆಣಿಕೆಯಷ್ಟು.

ಬೇಕರಿಯವರ ನಿಯಮಾವಳಿ

ಹೀಗೆ ಬರಿಗೈಯಾದವರೇ 1873ರ ಡಿಸೆಂಬರ್ 27ರಂದು ತಮ್ಮ ಸಂಘವನ್ನು ಸ್ಥಾಪಿಸಿದರು. ಹೆಸರಿನಲ್ಲಿ ಯಾವ ಅಲಂಕಾರವೂ ಇಲ್ಲ: ಚಿತ್ರಕಾರರು, ಶಿಲ್ಪಿಗಳು, ಅಚ್ಚುಕೆತ್ತುವವರ ಸಹಕಾರಿ ಕಂಪನಿ. ನಿಯಮಾವಳಿಗೆ ಪಿಸ್ಸಾರೋ ತನ್ನ ಊರಿನ ಬ್ರೆಡ್ ಮಾಡುವವರ ಸಂಘದ ಕಾಗದಪತ್ರವನ್ನೇ ಮಾದರಿಯಾಗಿ ತಂದಿಟ್ಟ. ವಾರ್ಷಿಕ ವಂತಿಗೆ 60 ಫ್ರಾಂಕ್. ಸದಸ್ಯರಿಗೆಲ್ಲ ಸಮಾನ ಹಕ್ಕು. ಮುಖ್ಯ ನಿಯಮ ಒಂದೇ: ತೀರ್ಪುಗಾರರ ಮಂಡಳಿ ಇಲ್ಲ.

1874ರ ಏಪ್ರಿಲ್ 15ರಂದು, ಸಲೋನ್ ತೆರೆಯುವುದಕ್ಕೆ ಎರಡು ವಾರ ಮೊದಲು, ಛಾಯಾಗ್ರಾಹಕ ನಾದಾರ್ ಬಿಟ್ಟುಹೋಗಿದ್ದ ಸ್ಟುಡಿಯೋದಲ್ಲಿ ಪ್ರದರ್ಶನ ಆರಂಭವಾಯಿತು. ಸುಮಾರು ಮೂವತ್ತು ಕಲಾವಿದರು. ಪಟ್ಟಿಯಲ್ಲಿ 165 ಕೃತಿಗಳು. ಪ್ರವೇಶ ಶುಲ್ಕ ಒಂದು ಫ್ರಾಂಕ್. ಸಮಯ ಬೆಳಗ್ಗೆ 10ರಿಂದ ಸಂಜೆ 6, ಮತ್ತೆ ರಾತ್ರಿ 8ರಿಂದ 10. ರಾತ್ರಿ ಹೊತ್ತೂ ಬಾಗಿಲು ತೆರೆದಿತ್ತೆಂದು ಓದಿದಾಗ ನನಗೆ ಖುಷಿಯಾಯಿತು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನಿಗೆ ಆರು ಗಂಟೆಯ ಮೇಲೆ ತೆರೆದಿರುವ ಬಾಗಿಲಿನ ಬೆಲೆ ಗೊತ್ತು.

ಮೋನೆ ಇಟ್ಟಿದ್ದ ಚಿತ್ರಗಳಲ್ಲಿ ಒಂದು, ಲ ಹಾವ್ರ ಬಂದರಿನ ಮುಂಜಾವು. ಮಂಜು, ಹಡಗುಗಳ ಮಸುಕು ಆಕಾರ, ಕಿತ್ತಳೆ ಬಣ್ಣದ ಸೂರ್ಯ, ನೀರಿನ ಮೇಲೆ ಅದರ ನಾಲ್ಕಾರು ಕುಂಚದೆಳೆ. ಪಟ್ಟಿಗೆ ಹೆಸರು ಕೇಳಿದಾಗ, ಬಂದರಿನ ದೃಶ್ಯವೆನ್ನಲು ಮನಸ್ಸಾಗದೆ 'ಇಂಪ್ರೆಷನ್' ಅಂತ ಹಾಕಿ ಎಂದನಂತೆ. 'ಇಂಪ್ರೆಷನ್, ಸೂರ್ಯೋದಯ' ಎಂದು ಅಚ್ಚಾಯಿತು. ಲೂಯಿ ಲರ್ವಾ ಎಂಬ ಪತ್ರಕರ್ತ ಹಾಸ್ಯಪತ್ರಿಕೆಯೊಂದರಲ್ಲಿ ಇದನ್ನೇ ಹಿಡಿದುಕೊಂಡ. ಗೋಡೆಗೆ ಅಂಟಿಸುವ ಕಾಗದವಾದರೂ ಈ ಚಿತ್ರಕ್ಕಿಂತ ಮುಗಿದಂತೆ ಕಾಣುತ್ತದೆಂದು ಲೇವಡಿ ಮಾಡಿ, ಲೇಖನಕ್ಕೆ 'ಇಂಪ್ರೆಷನಿಸ್ಟರ ಪ್ರದರ್ಶನ' ಎಂದು ಶೀರ್ಷಿಕೆ ಕೊಟ್ಟ. ಗೇಲಿಗೆ ಕಟ್ಟಿದ ಹೆಸರು ಹಾಗೇ ನಿಂತಿತು. ಮೂರು ವರ್ಷಗಳ ಬಳಿಕ ಕಲಾವಿದರೇ ಅದನ್ನು ತಮ್ಮ ಹೆಸರೆಂದು ಒಪ್ಪಿಕೊಂಡರು.

ಬ್ಯಾಂಕಿನವರಾದ ನಮಗೆ ಇಂಪ್ರೆಷನ್ ಎಂದರೆ ಹೆಬ್ಬೆಟ್ಟಿನ ಗುರುತು. ಓದು ಬಾರದವರು ಪಿಂಚಣಿ ಪಡೆಯಲು ಬಂದಾಗ ಶಾಯಿಗೆ ಬೆರಳೊತ್ತಿ ಕಾಗದದ ಮೇಲೆ ಒತ್ತಿಸುತ್ತೇವಲ್ಲ, ಅದೇ. ಯೋಚಿಸಿದರೆ ಮೋನೆಯ ಇಂಪ್ರೆಷನ್ನೂ ಬೇರೆಯಲ್ಲ. ಬೆಳಕು ಒಂದು ಕ್ಷಣ ಕಣ್ಣಿನ ಮೇಲೆ ಒತ್ತಿದ ಗುರುತು. ಅದು ಒಣಗುವ ಮೊದಲೇ ಹಿಡಿಯಬೇಕು. ಹಾಗಾಗಿಯೇ ಆ ಅವಸರ, ಆ ತುಂಡು ತುಂಡು ಕುಂಚದೆಳೆ.

ಕೂಡು-ಕಳೆ

ಇನ್ನು ಲೆಕ್ಕಕ್ಕೆ ಬರೋಣ. ಒಂದು ತಿಂಗಳಲ್ಲಿ ಬಂದ ವೀಕ್ಷಕರು ಸುಮಾರು 3500. ಅದೇ ಕಾಲಕ್ಕೆ ಸಲೋನಿಗೆ ಲಕ್ಷಗಟ್ಟಲೆ ಜನ. ಮಾರಾಟ ಅತ್ಯಲ್ಪ. ಡಿಸೆಂಬರ್ 17ರಂದು ರೆನ್ವಾನ ಅಧ್ಯಕ್ಷತೆಯಲ್ಲಿ ಸದಸ್ಯರ ಸಭೆ ಸೇರಿತು. ಹೊರಗಿನ ಬಾಕಿ ತೀರಿಸಿದ ಮೇಲೂ ಸಂಘದ ಹೊಣೆ 3713 ಫ್ರಾಂಕ್. ಕೈಯಲ್ಲಿದ್ದ ನಗದು ಸುಮಾರು 278. ಪ್ರತಿ ಸದಸ್ಯನೂ 184 ಫ್ರಾಂಕ್ 50 ಸೆಂಟೀಮ್ ಕೊಡಬೇಕೆಂದು ಲೆಕ್ಕ ಹೇಳಿತು. ಸಂಘವನ್ನು ವಿಸರ್ಜಿಸುವ ನಿರ್ಣಯಕ್ಕೆ ಎಲ್ಲರೂ ಕೈ ಎತ್ತಿದರು. ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ.

ಮರುವರ್ಷ ಮೋನೆ, ರೆನ್ವಾ, ಸಿಸ್ಲಿ ಮತ್ತು ಬರ್ತ್ ಮೊರಿಸೋ ತಮ್ಮ ಚಿತ್ರಗಳನ್ನು ಹರಾಜಿಗಿಟ್ಟರು. ಗಲಾಟೆ ಹೆಚ್ಚಾಗಿ ಪೊಲೀಸರನ್ನು ಕರೆಸಬೇಕಾಯಿತು. ಮೋನೆಯ ಸೂರ್ಯೋದಯವನ್ನು 1874ರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ 800 ಫ್ರಾಂಕಿಗೆ ಕೊಂಡಿದ್ದ. ಅವನು ದಿವಾಳಿಯಾದ ಮೇಲೆ 1878ರಲ್ಲಿ ಅದು ಮಾರಿಹೋದದ್ದು 210 ಫ್ರಾಂಕಿಗೆ.

ಯಾವ ಲೆಕ್ಕ ಪರಿಶೋಧಕ ನೋಡಿದರೂ, ಇನ್ನು ಈ ವ್ಯವಹಾರ ಮುಚ್ಚಿ ಎಂದೇ ಬರೆಯುತ್ತಿದ್ದ. ಇವರು ಮುಚ್ಚಲಿಲ್ಲ. 1886ರ ತನಕ ಒಟ್ಟು ಎಂಟು ಪ್ರದರ್ಶನ ಮಾಡಿದರು.

ನೆರಳಿಗೆ ಬಣ್ಣ ಎಲ್ಲಿಂದ ಬಂತು?

ಇವರು ಕಂಡ ಹೊಸತನವೇನು? ಅದಕ್ಕೆ ಮೂರು ಕಾರಣ ಹೇಳಬಹುದು. ಮೊದಲನೆಯದು ತವರದ ಟ್ಯೂಬು. ಅದಕ್ಕೆ ಮೊದಲು ಎಣ್ಣೆಬಣ್ಣವನ್ನು ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಹಿಸುಕುವ ಟ್ಯೂಬಿಗೆ ಪೇಟೆಂಟ್ ಪಡೆದ. ಬಣ್ಣ ಜೇಬಿಗೆ ಬಂತು, ಕಲಾವಿದ ಬಯಲಿಗೆ ಹೋದ. ಎರಡನೆಯದು ರೈಲು. ಪ್ಯಾರಿಸ್ಸಿನಿಂದ ಸ್ವಲ್ಪ ಹೊತ್ತಿನಲ್ಲೇ ನದಿಯ ದಂಡೆ ತಲುಪಬಹುದಾಯಿತು. ಮೋನೆ ರೈಲು ನಿಲ್ದಾಣವನ್ನೂ ಬಿಡಲಿಲ್ಲ. 1877ರಲ್ಲಿ ಸೇಂಟ್ ಲಜಾರ್ ನಿಲ್ದಾಣದ ಹೊಗೆ, ಹಬೆಯನ್ನೇ ಹನ್ನೆರಡು ಚಿತ್ರಗಳಲ್ಲಿ ಹಿಡಿದ.

ಮೂರನೆಯದು ವಿಜ್ಞಾನ. ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಸರಕಾರಿ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥ. ಕಪ್ಪು ನೂಲಿನ ಬಣ್ಣ ಮಂಕಾಗಿದೆಯೆಂದು ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದ ನೀಲಿ ನೂಲಿನ ದೆಸೆಯಿಂದ ಕಣ್ಣಿಗೆ ಹಾಗೆ ಕಾಣುತ್ತಿತ್ತು! ಯಾವ ಬಣ್ಣವೂ ಒಂಟಿಯಾಗಿ ಕಾಣುವುದಿಲ್ಲ, ಪಕ್ಕದ ಬಣ್ಣ ಅದನ್ನು ಬದಲಿಸುತ್ತದೆ ಎಂದು ಅವನು 1839ರಲ್ಲಿ ಪುಸ್ತಕವನ್ನೇ ಬರೆದ. ಹಳದಿ ಬಿಸಿಲಿನ ಪಕ್ಕದ ನೆರಳು ಕಣ್ಣಿಗೆ ನೇರಳೆಯತ್ತ ವಾಲುತ್ತದೆ. ಸಾಲದ್ದಕ್ಕೆ ನೆರಳಿನ ಮೇಲೆ ಬೀಳುವುದು ಸೂರ್ಯನ ಬೆಳಕಲ್ಲ, ನೀಲಿ ಆಕಾಶದ ಬೆಳಕು. ನೆರಳು ಕಪ್ಪು ಎಂಬುದು ನಮ್ಮ ಕಣ್ಣು ಹೇಳಿದ್ದಲ್ಲ, ಶಾಲೆಯಲ್ಲಿ ಕಲಿತದ್ದು.

ಇದನ್ನು ಒಪ್ಪಲು ವಿಮರ್ಶಕರು ತಯಾರಿರಲಿಲ್ಲ. 1876ರಲ್ಲಿ ದೊಡ್ಡ ಪತ್ರಿಕೆಯೊಂದರ ವಿಮರ್ಶಕ, ಮರಗಳು ನೇರಳೆ ಬಣ್ಣದ್ದಲ್ಲವೆಂದು ಯಾರಾದರೂ ಪಿಸ್ಸಾರೋಗೆ ತಿಳಿಹೇಳಿ ಎಂಬರ್ಥದಲ್ಲಿ ಬರೆದ. ಇದನ್ನು ಓದಿದ ದಿನ ನನಗೆ ಆ ಆರನೇ ತರಗತಿಯ ಹುಡುಗಿ ನೆನಪಾದದ್ದು. ಅದೇ ಮಾತನ್ನು ನಾನೂ ಹೇಳಿದ್ದೆನಲ್ಲ!

ಎಂಟೂ ಪ್ರದರ್ಶನಕ್ಕೆ ಬಂದವನು

ಜಗಳವಿಲ್ಲದ ಸಂಘ ಉಂಟೇ? ಇಲ್ಲಿಯೂ ಇತ್ತು. ಸಲೋನಿಗೆ ಚಿತ್ರ ಕಳಿಸಿದವರು ನಮ್ಮಲ್ಲಿರಬಾರದು ಎಂದು ದೆಗಾ ಪಟ್ಟು ಹಿಡಿದ. ಇಂಪ್ರೆಷನಿಸ್ಟ್ ಎಂಬ ಹೆಸರೇ ಅವನಿಗೆ ಇಷ್ಟವಿರಲಿಲ್ಲ. ಹೊಟ್ಟೆಪಾಡು ಕಷ್ಟವಾದಾಗ ರೆನ್ವಾ, ಮೋನೆ, ಸಿಸ್ಲಿ ಮೂವರೂ ಸಲೋನಿನ ಕದ ತಟ್ಟಿದರು. ಎಂಟೂ ಪ್ರದರ್ಶನಗಳಲ್ಲಿ ಪಾಲುಗೊಂಡವನು ಪಿಸ್ಸಾರೋ ಒಬ್ಬನೇ. ಏಳರಲ್ಲಿ ಪಾಲುಗೊಂಡವಳು ಬರ್ತ್ ಮೊರಿಸೋ. ಆಕೆ ತಪ್ಪಿಸಿದ ಒಂದು ವರ್ಷ, ಮಗಳು ಹುಟ್ಟಿದ ಬಳಿಕದ್ದು. ಇಷ್ಟಾಗಿಯೂ 1895ರಲ್ಲಿ ಆಕೆ ತೀರಿಕೊಂಡಾಗ ಮರಣಪತ್ರದಲ್ಲಿ 'ಉದ್ಯೋಗವಿಲ್ಲ' ಎಂದು ಬರೆದರು. ನಮ್ಮ ಖಾತೆ ತೆರೆಯುವ ಫಾರಂಗಳಲ್ಲಿ ದುಡಿಯುವ ಎಷ್ಟೋ ಹೆಂಗಸರ ಮುಂದೆ 'ಗೃಹಿಣಿ' ಎಂದು ನಾನೇ ಬರೆದದ್ದು ನೆನಪಾಗಿ ಸ್ವಲ್ಪ ಇರುಸುಮುರುಸಾಯಿತು.

ದುಡ್ಡಿನ ಬದಿಯಲ್ಲಿ ಇಬ್ಬರನ್ನು ನೆನೆಯಲೇಬೇಕು. ಗುಸ್ತಾವ್ ಕೈಬೊತ್ ಶ್ರೀಮಂತ, ಸ್ವತಃ ಒಳ್ಳೆಯ ಕಲಾವಿದ. ಪ್ರದರ್ಶನದ ಬಾಡಿಗೆಗೆ ಹಣ ಹಾಕಿದ, ಗೆಳೆಯರ ಚಿತ್ರ ಕೊಂಡ. 1894ರಲ್ಲಿ ತೀರಿಕೊಂಡಾಗ ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ದೇಶಕ್ಕೆ ಬರೆದಿಟ್ಟಿದ್ದ. ಸರಕಾರ ಎಲ್ಲವನ್ನೂ ತೆಗೆದುಕೊಳ್ಳಲು ಒಪ್ಪದೆ ಎಳೆದಾಡಿ, ಕೊನೆಗೆ ಸುಮಾರು ನಲವತ್ತನ್ನು ಸ್ವೀಕರಿಸಿತು.

ಇನ್ನೊಬ್ಬ ಚಿತ್ರವ್ಯಾಪಾರಿ ಪಾಲ್ ದ್ಯುರಾಂ-ರ‍್ಯುಯೆಲ್. ಯುದ್ಧಕಾಲದಲ್ಲಿ ಲಂಡನ್ನಿನಲ್ಲಿ ಮೋನೆ, ಪಿಸ್ಸಾರೋರನ್ನು ಕಂಡ ದಿನದಿಂದ ಇವರ ಚಿತ್ರಗಳನ್ನು ಕೊಳ್ಳುತ್ತಲೇ ಹೋದ. ಅವನಿಗೆ ಸಾಲ ಕೊಟ್ಟಿದ್ದ ಯೂನಿಯನ್ ಜೆನೆರಾಲ್ ಬ್ಯಾಂಕು 1882ರಲ್ಲಿ ಕುಸಿದುಬಿತ್ತು. ಆ ಹೊಡೆತದಲ್ಲಿ ಕಲಾವಿದರ ತಿಂಗಳ ಹಣವೂ ನಿಂತಿತು. ಸಾಲದಲ್ಲಿದ್ದ ವ್ಯಾಪಾರಿ 1886ರಲ್ಲಿ ಸುಮಾರು ಮುನ್ನೂರು ಚಿತ್ರಗಳನ್ನು ಹಡಗಿಗೆ ಹಾಕಿ ನ್ಯೂಯಾರ್ಕಿಗೆ ಹೋದ. ಅಮೆರಿಕದವರು ನಗಲಿಲ್ಲ, ಕೊಂಡರು. ಲೆಕ್ಕದ ಪುಸ್ತಕ ತಿರುಗಿದ್ದು ಅಲ್ಲಿಂದ.

ಆದರೆ ಎಲ್ಲರಿಗೂ ಆ ದಿನ ಕಾಣಲು ಸಿಗಲಿಲ್ಲ. ಸಿಸ್ಲಿ ಬರೆದ ನೆರೆಯ ಚಿತ್ರವೊಂದು 1876ರಲ್ಲಿ ಹೋದದ್ದು 180 ಫ್ರಾಂಕಿಗೆ. 1899ರ ಜನವರಿಯಲ್ಲಿ ಅವನು ಬಡತನದಲ್ಲೇ ಕಣ್ಣು ಮುಚ್ಚಿದ. ಮರುವರ್ಷ ಅದೇ ಚಿತ್ರ ಹರಾಜಿನಲ್ಲಿ 43,000 ಫ್ರಾಂಕಿಗೆ ಮಾರಾಟವಾಯಿತು. 1890ರ ಮೋನೆಯ ಹುಲ್ಲುಬಣವೆಯ ಚಿತ್ರವೊಂದು 2019ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ದೀಪದಿಂದ ದೀಪ

ಬೆಲೆಗಿಂತ ದೊಡ್ಡ ಆಸ್ತಿ ಎಂದರೆ ಈ ಕಲಾವಿದರು ಉಳಿದವರ ಮೇಲೆ ಬೀರಿದ ಪ್ರಭಾವ. ಅದರ ನಡುಗಂಬ ಮತ್ತೆ ಪಿಸ್ಸಾರೋ. ಬ್ಯಾಂಕಿನ ಒಡೆಯನ ಮಗನಾದ ಪಾಲ್ ಸೆಜಾನ್ ತಂದೆಯ ಬ್ಯಾಂಕಿನಲ್ಲಿ ಕೆಲಕಾಲ ಕೂತು, ಬೇಸತ್ತು ಎದ್ದುಬಂದವನು. ಅವನ ಆರಂಭದ ಚಿತ್ರಗಳು ಕಪ್ಪು, ದಪ್ಪ, ಒರಟು. 1870ರ ದಶಕದ ಮೊದಲಲ್ಲಿ ಪಿಸ್ಸಾರೋನ ಪಕ್ಕ ಈಸೆಲ್ ಇಟ್ಟು, ಗುರುವಿನ ಚಿತ್ರವೊಂದನ್ನು ಹಾಗೇ ನಕಲು ಮಾಡಿ ಬೆಳಕು ಕಲಿತ. ತಾನೇ ಹಿರಿಯನಾದ ಮೇಲೂ ಪ್ರದರ್ಶನದ ಪಟ್ಟಿಯಲ್ಲಿ 'ಪಿಸ್ಸಾರೋನ ಶಿಷ್ಯ' ಎಂದು ಬರೆಸಿಕೊಂಡ. ಸೆಜಾನನ ಮೂವರು ಸ್ನಾನಮಗ್ನೆಯರ ಚಿತ್ರವನ್ನು 1899ರಲ್ಲಿ ಕೊಂಡವನು ಆಗಿನ್ನೂ ಬಡವನಾಗಿದ್ದ ಮಾತೀಸ್. ಅದನ್ನು ಮೂವತ್ತೇಳು ವರ್ಷ ಮನೆಯಲ್ಲಿಟ್ಟುಕೊಂಡು, ಕೊನೆಗೆ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟ. ಪಿಕಾಸೋ ಕೂಡ ಸೆಜಾನನ ಋಣ ಒಪ್ಪಿಕೊಂಡವನೇ.

ಪಾಲ್ ಗೋಗ್ಯಾಂ ಷೇರುಪೇಟೆಯ ನೌಕರ. ಭಾನುವಾರ ಮಾತ್ರ ಚಿತ್ರ ಬರೆಯುತ್ತಿದ್ದ, ಸಂಬಳದಲ್ಲಿ ಇಂಪ್ರೆಷನಿಸ್ಟರ ಚಿತ್ರ ಕೊಳ್ಳುತ್ತಿದ್ದ. ಅವನನ್ನೂ ಬಳಿಗೆ ಕರೆದು ಕಲಿಸಿದವನು ಪಿಸ್ಸಾರೋ. 1882ರ ಅದೇ ಆರ್ಥಿಕ ಕುಸಿತದ ನಂತರ ಗೋಗ್ಯಾಂ ಕೆಲಸದಿಂದ ಹೊರಬಿದ್ದು ಪೂರ್ತಿ ಕಲಾವಿದನಾದ. ಹಾಲೆಂಡಿನಲ್ಲಿ ಆಲೂಗಡ್ಡೆ ತಿನ್ನುವ ಬಡವರನ್ನು ಮಣ್ಣಿನ ಬಣ್ಣದಲ್ಲಿ ಬರೆದಿದ್ದ ವಾನ್ ಗೋ, 1886ರಲ್ಲಿ ಪ್ಯಾರಿಸ್ಸಿಗೆ ಬಂದು ಇವರ ಚಿತ್ರ ಕಂಡ ಮೇಲೆ ಅವನ ಕ್ಯಾನ್ವಾಸಿಗೆ ಹಳದಿ ನೀಲಿ ಬಂತು. ಅವನ ಮನಸ್ಸು ಕೆಟ್ಟಾಗ ಓವೇರ್ ಊರಿನ ಡಾಕ್ಟರ್ ಗಾಶೆಯ ಹೆಸರು ಸೂಚಿಸಿದವನೂ ಪಿಸ್ಸಾರೋನೇ. ಕಲ್ಲಿಗೂ ಚಿತ್ರ ಬರೆಯಲು ಕಲಿಸಬಲ್ಲ ಗುರು ಎಂದು ಅಮೆರಿಕದಿಂದ ಬಂದು ಈ ಗುಂಪು ಸೇರಿದ ಮೇರಿ ಕಸಾಟ್ ಅವನ ಬಗ್ಗೆ ಹೇಳಿದ್ದುಂಟು.

ನನ್ನ ವಯಸ್ಸಿನವರಿಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಐವತ್ತೈದು ದಾಟಿದ ಪಿಸ್ಸಾರೋ, ಇಪ್ಪತ್ತಾರರ ಹುಡುಗ ಜಾರ್ಜ್ ಸೆರಾ ಚುಕ್ಕೆ ಚುಕ್ಕೆಯಾಗಿ ಬಣ್ಣವಿಡುವುದನ್ನು ಕಂಡು, ತಾನೂ ಮೊದಲಿನಿಂದ ಕಲಿಯಲು ಕೂತ. ಗಿರಾಕಿಗಳು ಗೊಣಗಿದರೂ ಕೆಲವು ವರ್ಷ ಅದನ್ನೇ ಮಾಡಿದ. 1886ರ ಕೊನೆಯ ಪ್ರದರ್ಶನಕ್ಕೆ ಸೆರಾನನ್ನು ಸೇರಿಸಿಕೊಳ್ಳಬೇಕೆಂದು ಹಟ ಹಿಡಿದವನೂ ಅವನೇ.

ಪ್ರಭಾವ ಗಡಿ ದಾಟಿತು. 1896ರಲ್ಲಿ ಮಾಸ್ಕೋದ ಪ್ರದರ್ಶನವೊಂದರಲ್ಲಿ ಕಾನೂನು ಪಾಠ ಹೇಳುತ್ತಿದ್ದ ಕಾಂಡಿನ್‌ಸ್ಕಿ ಎಂಬ ತರುಣ ಮೋನೆಯ ಹುಲ್ಲುಬಣವೆಯ ಮುಂದೆ ನಿಂತ. ಅದು ಬಣವೆಯೆಂದು ಅವನಿಗೆ ಗೊತ್ತಾದದ್ದು ಪಟ್ಟಿ ನೋಡಿದ ಮೇಲೆ. ವಸ್ತು ಗುರುತಾಗದಿದ್ದರೂ ಬಣ್ಣ ಮನಸ್ಸು ಬಿಟ್ಟು ಹೋಗಲಿಲ್ಲ. ಅದೇ ವರ್ಷ ಅಧ್ಯಾಪಕ ವೃತ್ತಿಗೆ ಬೆನ್ನು ತಿರುಗಿಸಿ ಚಿತ್ರ ಕಲಿಯಲು ಮ್ಯೂನಿಕ್ಕಿಗೆ ಹೋದ. ಮುಂದೆ ಅಮೂರ್ತ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬನಾದ.

ಕಟ್ಟಿಂಗೇರಿಯಿಂದ ಪ್ಯಾರಿಸ್ಸಿಗೆ

ಆ ಬೆಳಕಿನ ಒಂದು ಕಿರಣ ನಮ್ಮ ಮುಂಬಯಿ ಕನ್ನಡಿಗರ ಅಂಗಳಕ್ಕೂ ಬಿದ್ದಿದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು 1938ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಅಲ್ಲೇ ಕಲಿಸಿದರು. ಪ್ಯಾರಿಸ್ಸಿನಲ್ಲಿ ಓದಿ ಬಂದ ಅಮೃತಾ ಶೇರ್‌ಗಿಲ್ ಅವರ ಚಿತ್ರಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು. ಗೋಗ್ಯಾಂ, ಸೆಜಾನರನ್ನು ಅರಗಿಸಿಕೊಂಡು ಭಾರತದ ಬದುಕನ್ನು ಬರೆದ ಶೇರ್‌ಗಿಲ್, ಹಾಗೆಯೇ ಗೋಗ್ಯಾಂನ ಬಣ್ಣ, ಎರಡೂ ಹೆಬ್ಬಾರರ ಮೇಲೆ ಪರಿಣಾಮ ಬೀರಿದವು. 1949-50ರಲ್ಲಿ ಅವರು ಸ್ವತಃ ಪ್ಯಾರಿಸ್ಸಿನ ಜೂಲಿಯಾನ್ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದರು. ಆದರೆ ಅಲ್ಲಿನವರಂತೆ ಬರೆಯಲು ಕೂರಲಿಲ್ಲ. ಬಣ್ಣದ ಧೈರ್ಯ ಅಲ್ಲಿಂದ ಬಂತು, ರೇಖೆ ಮತ್ತು ಲಯ ಊರಿನದ್ದೇ ಉಳಿಯಿತು. ನಿಜವಾದ ಪ್ರಭಾವ ಎಂದರೆ ಇದೇ ಅಲ್ಲವೇ? ಪದ್ಮಶ್ರೀ, ಪದ್ಮಭೂಷಣ ಪಡೆದ ಅವರು 1996ರಲ್ಲಿ ಮುಂಬಯಿಯಲ್ಲೇ ನಿಧನರಾದರು.

ಇನ್ನೂ ಒಂದು ಋಣವಿದೆ. ಕಲಾವಿದರಿಗೆ ತಮ್ಮ ಕೃತಿ ತೂಗಲು ಒಂದು ಗೋಡೆ ಬೇಕು ಎಂಬುದನ್ನು ಹೆಬ್ಬಾರರು ಬಲ್ಲವರಾಗಿದ್ದರು. ವಿಜ್ಞಾನಿ ಹೋಮಿ ಭಾಭಾ ಮತ್ತು ಹೆಬ್ಬಾರರ ಒತ್ತಾಸೆಯಿಂದ, ಸರ್ ಕಾವಸ್‌ಜಿ ಜಹಾಂಗೀರ್ ಅವರ ಕೊಡುಗೆಯಲ್ಲಿ 1952ರಲ್ಲಿ ಜಹಾಂಗೀರ್ ಕಲಾ ಗ್ಯಾಲರಿ ತಲೆ ಎತ್ತಿತು. ಫೋರ್ಟಿನ ಶಾಖೆಯಲ್ಲಿದ್ದಾಗ ಊಟದ ಡಬ್ಬಿ ಮುಗಿಸಿ ಅಲ್ಲಿಗೆ ನಡೆದುಹೋದದ್ದುಂಟು. ಟಿಕೆಟ್ ಇಲ್ಲ, ಯಾರೂ ಏನೂ ಕೇಳುವುದಿಲ್ಲ. ಆ ಬಾಗಿಲ ಹಿಂದೆ ನಮ್ಮೂರಿನವರ ಕೈ ಇತ್ತೆಂದು ಆಗ ನನಗೆ ಗೊತ್ತಿರಲಿಲ್ಲ.

ಒಂದು ವಿನಂತಿ

ಕಳೆದ ವರ್ಷ ಒಂದು ಮದುವೆಯಲ್ಲಿ ಆ ಹುಡುಗಿಯ ತಾಯಿ ಸಿಕ್ಕಿದರು. ಮಗಳು ಬಿ.ಕಾಂ. ಮಾಡುತ್ತಿದ್ದಾಳಂತೆ. "ಈಗಲೂ ಚಿತ್ರ ಬರೆಯುತ್ತಾಳಾ ಅಕ್ಕ?" ಎಂದು ಕೇಳಿದೆ. "ಅದೆಲ್ಲ ಬಿಟ್ಟು ಎಷ್ಟೋ ವರ್ಷ ಆಯ್ತು ಅಣ್ಣ" ಎಂದರು. ನನ್ನಿಂದಲೇ ಬಿಟ್ಟಳೆಂದು ಅವರು ಹೇಳಲಿಲ್ಲ, ಅವರಿಗೆ ನೆನಪೂ ಇರಲಿಕ್ಕಿಲ್ಲ. ಬಿ.ಕಾಂ. ಒಳ್ಳೆಯ ಓದೇ, ಅದು ನನಗೂ ಅನ್ನ ಕೊಟ್ಟಿದೆ. ಆದರೂ ಅಂದು ಊಟದ ಎಲೆಯ ಮುಂದೆ ಸರಿಯಾಗಿ ಕೂರಲಾಗಲಿಲ್ಲ.

ಮೊನ್ನಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನೊಂದು ಸಲಹೆ ಮುಂದಿಟ್ಟೆ. ಬಹುಮಾನ ಇರಲಿ, ಆದರೆ ಬಂದ ಚಿತ್ರಗಳನ್ನೆಲ್ಲ ಒಂದನ್ನೂ ಬಿಡದೆ ಸಭಾಗೃಹದ ಎರಡೂ ಬದಿಗೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಚಿಮುಟಿ ಹಾಕಿ ತೂಗಬೇಕು. ಅತಿಥಿಗಳು ವೇದಿಕೆ ಹತ್ತುವ ಮೊದಲು ಒಂದು ಸುತ್ತು ನೋಡಿಕೊಂಡು ಬರಬೇಕು. ಹಗ್ಗ, ಚಿಮುಟಿ ಸೇರಿ ಐನೂರು ರೂಪಾಯಿ ಒಳಗೆ ಮುಗಿಯುತ್ತದೆಂದು ಲೆಕ್ಕವನ್ನೂ ಕೊಟ್ಟೆ. ಒಬ್ಬಿಬ್ಬರು, ಇದೇನು ಹೊಸ ಖರ್ಚು ಎಂದರು. ಕೊನೆಗೆ ನಿರ್ಣಯ ಪಾಸಾಯಿತು. ಇತರ ಸಂಘ ಸಂಸ್ಥೆಗಳ ಬಾಂಧವರೂ ತಮ್ಮ ಸ್ಪರ್ಧೆಗಳಲ್ಲಿ ಹೀಗೆ ಮಾಡಿ ನೋಡಬೇಕೆಂದು ಈ ಮೂಲಕ ವಿನಂತಿಸುತ್ತೇನೆ. ಯಾವ ಮಗುವಿನ ಕಣ್ಣು ಏನು ಕಂಡಿದೆಯೋ ಬಲ್ಲವರಾರು?

ಈಚೆಗೆ ಒಂದು ಭಾನುವಾರ ಸಂಜೆ ಐದೂವರೆಗೆ ನಮ್ಮ ಹಳೆಯ ಚಾಳಿಗೆ ಹೋಗಿದ್ದೆ. ಗ್ಯಾಲರಿಯ ಕಟಕಟೆಯ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ನೆಲದ ಮೇಲಿನ ನೆರಳನ್ನು ಬಹಳ ಹೊತ್ತು ನಿಂತು ನೋಡಿದೆ. ಮಗಾ, ನೀನು ಈ ಪುಟ ಓದುತ್ತೀಯೋ ಇಲ್ಲವೋ ಗೊತ್ತಿಲ್ಲ. ನೆರಳು ನೇರಳೆಯೇ ಇತ್ತು. ಆ ಹಾಳೆ ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ವಾರ್ಷಿಕೋತ್ಸವಕ್ಕೆ ತೆಗೆದುಕೊ ಬಾ. ಹಗ್ಗದಲ್ಲಿ ಒಂದು ಜಾಗ ಇಟ್ಟಿರುತ್ತೇನೆ.